ಹಳೆಯ ಮ್ಯಾಸಿಗೆ ಅದರದೇ ಕೆಂಪು

ಕಂಪ್ಲಿ, ಹೊಸಪೇಟೆ ಕಡೆಯ ಭತ್ತ, ಕಬ್ಬಿನ ಗದ್ದೆಗಳಲ್ಲಿ ದುಡಿದ ಹಳೆಯ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ನಿಮ್ಮಲ್ಲೂ ಇದ್ದು, ಅದನ್ನು ಮೊದಲಿನ ಹಾಗೆ ಮಾಡುವ ಆಸೆಯಿದ್ದರೆ, ಪೇಂಟ್ ಡಬ್ಬಿ ತರಲು ಅವಸರ ಬೇಡ. ‘ಮ್ಯಾಸಿ ಕೆಂಪು’ ಅಂತ ಕೇಳಿದರೆ ಅಂಗಡಿಯವರು ಒಂದು ಕೆಂಪು ಕೊಟ್ಟೇ ಕೊಡುತ್ತಾರೆ. ಆದರೆ ನಿಮ್ಮ ಗಾಡಿಯ ನಿಜವಾದ ಕೆಂಪು ಅದರ ಮೈಮೇಲೇ ಎಲ್ಲೋ ಅಡಗಿರುತ್ತದೆ. ಮೊದಲು ಅದನ್ನು ಹುಡುಕಿ.

1. ಇಸವಿ ನೋಡಿ. ಆರ್‌ಸಿ ಬುಕ್ಕಿನಲ್ಲಿ ಗಾಡಿ ತಯಾರಾದ ವರ್ಷವೂ ಬಣ್ಣವೂ ನಮೂದಾಗಿರುತ್ತವೆ. ವರ್ಷ, ಮಾಡೆಲ್ ಬದಲಾದರೆ ಬಣ್ಣವೂ ಬದಲಾಗುತ್ತದೆ: ಇದೇ ವಂಶದ ಹಿರಿಯ ಗಾಡಿ ಫರ್ಗ್ಯುಸನ್ ಟಿಇ-20 ಪೂರ್ತಿ ಬೂದು. 1960ರಲ್ಲಿ ಮದರಾಸಿನಲ್ಲಿ ಶುರುವಾದ ಟಾಫೆ ಕಂಪನಿಯ 1035ಕ್ಕೆ ಬಾನೆಟ್, ಮಡ್‌ಗಾರ್ಡ್ ಕೆಂಪು, ಎಂಜಿನ್ ಬೂದು.

2. ಚೆನ್ನಾಗಿ ತೊಳೆಯಿರಿ. ಗ್ರೀಸಿಗೆ ಸೀಮೆಎಣ್ಣೆ, ಉಳಿದದ್ದಕ್ಕೆ ಸೋಪಿನ ನೀರು ಸಾಕು. ಥಿನ್ನರ್ ಮುಟ್ಟಿಸಬೇಡಿ, ಹಳೆಯ ಪೇಂಟೇ ಕರಗಿ ಬರುತ್ತದೆ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಓಡಾಡಿದ ಗಾಡಿಯಾದರೆ ಎರಡೆರಡು ಸಲ ತೊಳೆಯಿರಿ. ಆ ಧೂಳು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ರೆಡ್ ಆಕ್ಸೈಡ್ ಪ್ರೈಮರಿಗೆ ಬಣ್ಣ ಬರುವುದೂ ಅದರಿಂದಲೇ. ಬಿಸಿಲಿಗೆ ಪುಡಿಯೆದ್ದ ಪೇಂಟಿನಲ್ಲಿ ಅದು ಕೂತುಬಿಟ್ಟರೆ ಕೆಂಪು ಕಂದಾಗುತ್ತದೆ, ಬೂದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವನ್ನು ನಂಬಿ ಪೇಂಟ್ ಕಲಸಿದರೆ ಕೆಲಸ ಕೆಟ್ಟಂತೆಯೇ.

3. ಬಿಸಿಲು ಕಾಣದ ಜಾಗ ಹುಡುಕಿ. ನಂಬರ್ ಪ್ಲೇಟಿನ ಹಿಂದೆ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ನೋಡಿ. ನಮ್ಮಲ್ಲಿ ಆಯುಧಪೂಜೆ ಬಂತೆಂದರೆ ಗಾಡಿಗೆ ಇನಾಮೆಲ್ ಬಳಿಯುವವರು ಬಹಳ ಮಂದಿ, ಹಾಗಾಗಿ ಮೇಲಿನ ಪದರವನ್ನು ನಂಬಬೇಡಿ. 1000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ರೂಪಾಯಿ ನಾಣ್ಯದಷ್ಟು ಜಾಗವನ್ನು ಸುತ್ತುಸುತ್ತಾಗಿ, ನಡುವೆ ತಗಡು ಕಾಣುವವರೆಗೆ ಉಜ್ಜಿ. ಬಳೆಬಳೆಯಾಗಿ ಪದರಗಳು ಬಿಚ್ಚಿಕೊಳ್ಳುತ್ತವೆ: ನಡುವೆ ತಗಡು, ಅದರ ಸುತ್ತ ಪ್ರೈಮರ್, ಪ್ರೈಮರಿನ ಆಚೆಗಿನ ಮೊದಲ ಕೆಂಪೇ ಸಾಮಾನ್ಯವಾಗಿ ಕಾರ್ಖಾನೆಯದು. ಯಾರಾದರೂ ಹಿಂದೆ ಪೂರ್ತಿ ಕೆರೆದು ಬಳಿದಿದ್ದರೆ ಲೆಕ್ಕ ತಪ್ಪುತ್ತದೆ. ಮೂರು ಕಡೆ ಉಜ್ಜಿ ಹೋಲಿಸಿ. ಉಜ್ಜಿದ ಜಾಗ ಬಿಳುಚಿಕೊಂಡು ಕಾಣುವುದರಿಂದ ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತನ್ನಿ. ಅಲ್ಲಿ ಕಾಣುವುದೇ ನಿಮ್ಮ ಬಣ್ಣ.

4. ಉಜ್ಜಿದ ಟೂಲ್ ಬಾಕ್ಸ್ ಮುಚ್ಚಳವನ್ನೇ ಬಿಚ್ಚಿಕೊಂಡು ಬಣ್ಣ ಕಲಸಿಕೊಡುವ ಪೇಂಟ್ ಅಂಗಡಿಗೆ ಒಯ್ಯಿರಿ. ಮೊಬೈಲ್ ಫೋಟೊ ಇದಕ್ಕೆ ಬರುವುದಿಲ್ಲ. ಟ್ಯೂಬ್‌ಲೈಟಿನಡಿ ಒಪ್ಪಿಕೊಳ್ಳದೆ, ಹೊರಗೆ ಹಗಲ ಬೆಳಕಿಗೆ ತಂದು ನೋಡಿ.

5. ಮೊದಲು ಸ್ವಲ್ಪವೇ ಕಲಸಿಸಿ, ತಗಡಿನ ತುಂಡಿನ ಮೇಲೆ ಹೊಡೆಸಿ. ಗಾಡಿಗೆ ಹಾಕುವ ಪ್ರೈಮರೇ ತುಂಡಿಗೂ ಇರಲಿ. ಕೆಂಪು ಬಣ್ಣಕ್ಕೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ, ಬೂದು ಪ್ರೈಮರಿನ ಮೇಲೊಂದು ಥರ, ರೆಡ್ ಆಕ್ಸೈಡ್ ಮೇಲೆ ಇನ್ನೊಂದು ಥರ ಕಾಣುತ್ತದೆ. ಹಸಿಯಿದ್ದಾಗ ತೀರ್ಮಾನ ಬೇಡ. ಮರುದಿನ, ಪೂರ್ತಿ ಒಣಗಿದ ಮೇಲೆ ಮುಚ್ಚಳದ ಪಕ್ಕ ಇಟ್ಟು ನೋಡಿ, ಬೇಕಿದ್ದರೆ ತಿದ್ದಿಸಿ.

6. ಒಪ್ಪಿಗೆಯಾದ ಮೇಲೆ ಇಡೀ ಗಾಡಿಗೆ ಬೇಕಾದ ಪೇಂಟ್ ಒಂದೇ ಸಲ ಕಲಸಿಸಿ, ಅಳತೆಯ ಚೀಟಿ ತೆಗೆದಿಟ್ಟುಕೊಳ್ಳಿ. ಬೂದು ಬಣ್ಣಕ್ಕೂ ಇದೇ ಕ್ರಮ. ಹೊಸಪೇಟೆಯ ಬೇಸಿಗೆ ಮಧ್ಯಾಹ್ನ ಸ್ಪ್ರೇ ಗನ್ ಹಿಡಿಯಬೇಡಿ: ಪೇಂಟ್ ತಗಡು ಮುಟ್ಟುವಷ್ಟರಲ್ಲೇ ಒಣಗಿ ತರಿತರಿಯಾಗಿ ಕೂರುತ್ತದೆ, ಬಣ್ಣವೂ ಮಂಕಾಗುತ್ತದೆ. ಬೆಳಗಿನ ತಂಪು ಹೊತ್ತು ಒಳ್ಳೆಯದು. ಪಿಯು (ಪಾಲಿಯುರೆಥೇನ್) ಪೇಂಟ್ ಆದರೆ ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬರೀ ಟವೆಲ್ ಸುತ್ತಿಕೊಂಡರೆ ಸಾಲದು. ಪೇಂಟರಿಗೆ ಸರಿಯಾದ ಮಾಸ್ಕ್ ಕೊಡಿಸಿ.

ಟೂಲ್ ಬಾಕ್ಸ್ ಮುಚ್ಚಳದ ಒಳಮೈಗೆ ಮಾತ್ರ ಟೇಪ್ ಅಂಟಿಸಿ, ಹಳೆಯ ಬಣ್ಣ ಹಾಗೇ ಇರಲಿ. ಮುಂದೆ ಮಡ್‌ಗಾರ್ಡ್ ಗೀಚಿ ಹೋದರೆ ಹೋಲಿಸಿ ನೋಡಲು ಬೇಕಾಗುತ್ತದೆ.