ಫಂಕ್ಷನ್‌ಗೆ ಮೌಲ್ಯಗಳನ್ನು ಒಪ್ಪಿಸುವ ಕ್ರಮ: ಹೊಸ ಅಭ್ಯಾಸಿಗಳ ತಪ್ಪುಗಳು ಮತ್ತು ಪರಿಹಾರ

ಚೆನ್ನೈಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯು 1959ರಲ್ಲಿ ಅಂದಿನ ಪಶ್ಚಿಮ ಜರ್ಮನಿಯ ನೆರವಿನಿಂದ ಸ್ಥಾಪನೆಗೊಂಡಿತು. 1973ರಲ್ಲಿ ಅಲ್ಲಿಗೆ ಐಬಿಎಂ 370 ಶ್ರೇಣಿಯ ಗಣಕಯಂತ್ರ ಬಂದಿತು. ಕ್ರಮವಿಧಿಯನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಸಿದ್ಧಪಡಿಸಿ, ಗಣಕ ಕೇಂದ್ರಕ್ಕೆ ಒಪ್ಪಿಸಿ, ಫಲಿತಾಂಶಕ್ಕಾಗಿ ಕಾಯಬೇಕಾಗಿದ್ದ ಕಾಲ ಅದು. ಒಂದು ಅಲ್ಪವಿರಾಮ ತಪ್ಪಿದರೂ ಕಾದ ಸಮಯವೆಲ್ಲ ವ್ಯರ್ಥವಾಗುತ್ತಿತ್ತು. ಇಂದು ತಪ್ಪಿನ ಸೂಚನೆ ಕ್ಷಣಾರ್ಧದಲ್ಲಿ ತೆರೆಯ ಮೇಲೆ ಮೂಡುತ್ತದೆ. ಆದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವ ಹೊಣೆ ಅಂದಿನಂತೆಯೇ ಇಂದೂ ಮನುಷ್ಯನದೇ ಆಗಿದೆ.

ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳ ಮೂಲಕ ಮನೆಯಲ್ಲೇ ಕುಳಿತು ಕ್ರಮವಿಧಿ ರಚನೆಯನ್ನು ಕಲಿಯುವುದು ಸಾಧ್ಯವಾಗಿದೆ. ಐಐಟಿ ಮದ್ರಾಸ್ 2020ರಲ್ಲಿ ಪ್ರಾರಂಭಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ವ್ಯಾಸಂಗದಲ್ಲಿಯೂ ಪೈಥಾನ್ ಭಾಷೆಯನ್ನು ಬೋಧಿಸಲಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯಾಸಿಗಳು ಇಂತಹ ಪಾಠಗಳಲ್ಲಿ ಬಹುಬೇಗ ಎಡವುವ ಸ್ಥಳಗಳಲ್ಲಿ ಫಂಕ್ಷನ್ ಒಂದು. ಅಲ್ಲಿ ಆಗುವ ನಾಲ್ಕು ಸಾಮಾನ್ಯ ತಪ್ಪುಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಖಾಲಿ ಮನೆ ಮತ್ತು ಅದರ ಭರ್ತಿ

ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿ ಮುಂಗಡ ಟಿಕೆಟ್ ಪಡೆಯಲು ಭರ್ತಿ ಮಾಡುವ ಅರ್ಜಿಯನ್ನು ನೆನಪಿಗೆ ತಂದುಕೊಳ್ಳಿ. ರೈಲಿನ ಸಂಖ್ಯೆ, ದಿನಾಂಕ, ಹೊರಡುವ ನಿಲ್ದಾಣ, ತಲುಪುವ ನಿಲ್ದಾಣ ಎಂದು ಮುದ್ರಿಸಿರುವ ಖಾಲಿ ಮನೆಗಳೇ ಪ್ಯಾರಾಮೀಟರುಗಳು. ನಾವು ಅವುಗಳಲ್ಲಿ ಬರೆಯುವ ವಿವರಗಳೇ ಆರ್ಗ್ಯುಮೆಂಟುಗಳು. ಅರ್ಜಿಯ ನಮೂನೆ ಒಂದೇ. ಭರ್ತಿ ಮಾತ್ರ ಪ್ರತಿ ಪ್ರಯಾಣಿಕನಿಗೂ ಬೇರೆ. ಫಂಕ್ಷನ್ ಸಹ ಇಂತಹದೇ ಒಂದು ನಮೂನೆ. ಚಕ್ರಬಡ್ಡಿಯೊಡನೆ ಒಟ್ಟು ಮೊತ್ತವನ್ನು ಕಂಡುಹಿಡಿಯುವ ಫಂಕ್ಷನ್ ಹೀಗಿರುತ್ತದೆ:

ಡೆಫ್ ಮೊತ್ತ(ಅಸಲು, ದರ, ವರ್ಷ):
    ರಿಟರ್ನ್ ಅಸಲು * (1 + ದರ / 100) ** ವರ್ಷ

ಡೆಫ್, ರಿಟರ್ನ್ ಎಂಬ ಕಾಯ್ದಿರಿಸಿದ ಪದಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡಬೇಕು. ಆದರೆ 2008ರಲ್ಲಿ ಬಂದ ಪೈಥಾನ್ 3ನೆಯ ಆವೃತ್ತಿಯಿಂದೀಚೆಗೆ ನಾವೇ ಇಡುವ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು ಅವಕಾಶವಿದೆ. ಎರಡು ನಕ್ಷತ್ರ ಚಿಹ್ನೆಗಳು ಘಾತವನ್ನು ಸೂಚಿಸುತ್ತವೆ. 10,000 ರೂಪಾಯಿಗೆ ಶೇಕಡ 8ರ ದರದಲ್ಲಿ 3 ವರ್ಷಗಳ ಲೆಕ್ಕ ಬೇಕಾದಾಗ ಮೊತ್ತ(10000, 8, 3) ಎಂದು ಕರೆಯಬೇಕು. ಬರುವ ಉತ್ತರ 12,597 ರೂಪಾಯಿ 12 ಪೈಸೆ.

ಮೊದಲನೆಯ ತಪ್ಪು: ಎಣಿಕೆಯ ವ್ಯತ್ಯಾಸ

ಮೂರು ಮನೆಗಳಿಗೆ ಎರಡೇ ಮೌಲ್ಯಗಳನ್ನು ಕೊಟ್ಟರೆ ಪೈಥಾನ್ ಕೆಲಸ ನಿಲ್ಲಿಸಿ, ಟೈಪ್ ಎರರ್ ಎಂಬ ಶೀರ್ಷಿಕೆಯ ಸೂಚನೆಯನ್ನು ನೀಡುತ್ತದೆ. ಈ ಸೂಚನೆಯನ್ನು ಕೆಳಗಿನ ಸಾಲಿನಿಂದ ಓದಬೇಕು. ಯಾವ ಪ್ಯಾರಾಮೀಟರಿಗೆ ಮೌಲ್ಯ ದೊರೆತಿಲ್ಲವೆಂಬುದನ್ನು ಆ ಸಾಲು ಹೆಸರಿಸಿಯೇ ಹೇಳುತ್ತದೆ. ತಪ್ಪು ಎಷ್ಟನೆಯ ಸಾಲಿನಲ್ಲಿದೆ ಎಂಬುದು ಅದರ ಮೇಲ್ಗಡೆ ಇರುತ್ತದೆ.

ನಮ್ಮ ದೇಶದ ಅಭ್ಯಾಸಿಗಳು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಹತ್ತು ಸಾವಿರವನ್ನು 10,000 ಎಂದು ಅಲ್ಪವಿರಾಮ ಹಾಕಿ ಬರೆಯುವುದು ನಮ್ಮ ರೂಢಿ. ಯಂತ್ರಕ್ಕಾದರೋ ಅಲ್ಪವಿರಾಮವೆಂದರೆ ಎರಡು ಮೌಲ್ಯಗಳ ನಡುವಣ ಗಡಿ. ಆದುದರಿಂದ ಮೊತ್ತ(10,000, 8, 3) ಎಂದು ಬರೆದರೆ ಅದು ಹತ್ತು, ಸೊನ್ನೆ, ಎಂಟು, ಮೂರು ಎಂದು ನಾಲ್ಕು ಮೌಲ್ಯಗಳನ್ನು ಎಣಿಸಿ ದೂರುತ್ತದೆ. ಅಲ್ಪವಿರಾಮವನ್ನು ಹಾಕಿದವರು ವರ್ಷವನ್ನೂ ಮರೆತರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಮೊತ್ತ(10,000, 8) ಎಂಬಲ್ಲಿ ಎಣಿಕೆ ಸರಿಯಾಗಿ ಮೂರು! ಹತ್ತು ರೂಪಾಯಿಗೆ ಸೊನ್ನೆ ದರದಲ್ಲಿ ಎಂಟು ವರ್ಷ ಎಂದು ತಿಳಿದು ಯಂತ್ರವು ಹತ್ತು ಎಂಬ ಉತ್ತರವನ್ನು ನಿಶ್ಚಿಂತೆಯಿಂದ ಕೊಡುತ್ತದೆ. ಅಂಕಿಗಳ ನಡುವೆ ಅಲ್ಪವಿರಾಮವನ್ನು ಬಿಡುವುದೇ ಪರಿಹಾರ.

ಎರಡನೆಯ ತಪ್ಪು: ಸ್ಥಾನಪಲ್ಲಟ

ಯಂತ್ರ ದೂರುವ ತಪ್ಪಿಗಿಂತ ದೂರದೆ ಬಿಡುವ ತಪ್ಪು ಹೆಚ್ಚು ಹಾನಿಕರ. ಮೊತ್ತ(10000, 3, 8) ಎಂದು ದರವನ್ನೂ ವರ್ಷವನ್ನೂ ಅದಲುಬದಲು ಮಾಡಿದರೆ ಉತ್ತರ 12,667 ರೂಪಾಯಿ 70 ಪೈಸೆ ಬರುತ್ತದೆ. ವ್ಯತ್ಯಾಸ 70 ರೂಪಾಯಿ 58 ಪೈಸೆ ಮಾತ್ರ. ಉತ್ತರ ನೋಡುವುದಕ್ಕೆ ಸರಿಯೆಂದೇ ತೋರುತ್ತದೆ. ಸ್ವಸಹಾಯ ಸಂಘವೊಂದರ ಎಲ್ಲ ಸದಸ್ಯರ ಖಾತೆಗಳಿಗೂ ಇದೇ ಕ್ರಮವಿಧಿಯನ್ನು ಬಳಸಿದರೆ ತಪ್ಪು ಪ್ರತಿ ಖಾತೆಯಲ್ಲಿಯೂ ಸದ್ದಿಲ್ಲದೆ ಸೇರಿಹೋಗುತ್ತದೆ. ಸರಳಬಡ್ಡಿಯ ಲೆಕ್ಕದಲ್ಲಂತೂ ದರ ಮತ್ತು ವರ್ಷಗಳನ್ನು ಗುಣಿಸುವುದಷ್ಟೇ ಆದ್ದರಿಂದ ಅದಲುಬದಲಾದರೂ ಉತ್ತರ 2,400 ಎಂದೇ ಬರುತ್ತದೆ. ಅಲ್ಲಿ ಮರೆಯಾಗಿದ್ದ ದುರಭ್ಯಾಸ ಚಕ್ರಬಡ್ಡಿಯಲ್ಲಿ ಫಲ ಕೊಡುತ್ತದೆ.

ಈ ತಪ್ಪಿನ ಮೂಲವನ್ನು ಕನ್ನಡಿಗರು ತಮ್ಮ ವ್ಯಾಕರಣದಿಂದಲೇ ಅರಿಯಬಹುದು. ‘ಚೆನ್ನೈಯಿಂದ ಬೆಂಗಳೂರಿಗೆ ಹೋದರು’ ಎಂದರೂ ‘ಬೆಂಗಳೂರಿಗೆ ಚೆನ್ನೈಯಿಂದ ಹೋದರು’ ಎಂದರೂ ಅರ್ಥ ಒಂದೇ. ಪದದ ಸ್ಥಾನ ಬದಲಾದರೂ ವಿಭಕ್ತಿ ಪ್ರತ್ಯಯವು ಅದರ ಸಂಬಂಧವನ್ನು ಹಿಡಿದಿಟ್ಟಿರುತ್ತದೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವೂ ವಿಭಕ್ತಿಗಳನ್ನು ವಿವರವಾಗಿ ನಿರೂಪಿಸಿದೆ. ಆದರೆ ಬರಿಯ ಸಂಖ್ಯೆಗಳನ್ನು ಸಾಲಾಗಿ ಕೊಟ್ಟಾಗ ಅವುಗಳಿಗೆ ಪ್ರತ್ಯಯವಿರುವುದಿಲ್ಲ. ಸ್ಥಾನವೊಂದೇ ಅವುಗಳ ಗುರುತು. ಈ ಕೊರತೆಯನ್ನು ನೀಗಲು ಪೈಥಾನ್ ಭಾಷೆಯಲ್ಲಿ ಹೆಸರು ಸಹಿತ ಒಪ್ಪಿಸುವ ಏರ್ಪಾಡಿದೆ:

ಮೊತ್ತ(ವರ್ಷ=3, ಅಸಲು=10000, ದರ=8)

ಇಲ್ಲಿ ಹೆಸರು ವಿಭಕ್ತಿ ಪ್ರತ್ಯಯದಂತೆ ಕೆಲಸ ಮಾಡುತ್ತದೆ. ಕ್ರಮ ಹೇಗಿದ್ದರೂ ಉತ್ತರ ಸರಿಯಾಗಿರುತ್ತದೆ. ಕೆಲವಕ್ಕೆ ಮಾತ್ರ ಹೆಸರನ್ನು ಸೇರಿಸುವುದಾದರೆ ಹೆಸರಿಲ್ಲದ ಮೌಲ್ಯಗಳು ಮೊದಲು ಬರಬೇಕೆಂಬ ನಿಯಮವನ್ನು ಮರೆಯಬಾರದು.

ಮೂರನೆಯ ತಪ್ಪು: ಅಂಕಿಯಂತೆ ಕಾಣುವ ಪಠ್ಯ

ಇನ್‌ಪುಟ್ ಎಂಬ ಆಜ್ಞೆಯ ಮೂಲಕ ಬಳಕೆದಾರನಿಂದ ಪಡೆದದ್ದೆಲ್ಲವೂ ಯಂತ್ರದ ಪಾಲಿಗೆ ಪಠ್ಯ, ಸಂಖ್ಯೆಯಲ್ಲ. ಅಂತಹ ‘8’ನ್ನು ದರವಾಗಿ ಕೊಟ್ಟರೆ ಭಾಗಾಕಾರದಲ್ಲಿ ಕ್ರಮವಿಧಿ ನಿಂತುಹೋಗುತ್ತದೆ. ಬರಿಯ ಗುಣಾಕಾರವಿರುವ ಫಂಕ್ಷನ್‌ನಲ್ಲಿ ಅದೂ ಆಗದು. ಪಠ್ಯವಾದ ‘8’ನ್ನು 3ರಿಂದ ಗುಣಿಸಿದರೆ 24ರ ಬದಲು, ಎಂಟನ್ನು ಮೂರು ಸಲ ಬರೆದಂತೆ, 888 ಬರುತ್ತದೆ. ಒಪ್ಪಿಸುವ ಮುನ್ನ ಇಂಟ್ ಅಥವಾ ಫ್ಲೋಟ್ ಮೂಲಕ ಸಂಖ್ಯೆಯಾಗಿ ಪರಿವರ್ತಿಸುವುದೇ ಪರಿಹಾರ.

ನಾಲ್ಕನೆಯ ತಪ್ಪು: ಭರ್ತಿಯನ್ನು ಒಳಗೆ ಅಳಿಸುವುದು

ಕೆಲವು ಅಭ್ಯಾಸಿಗಳು ಫಂಕ್ಷನ್‌ನ ಒಳಗೆ ಮತ್ತೆ ದರ = 8 ಎಂದು ಬರೆಯುತ್ತಾರೆ. ಆಗ ಹೊರಗಿನಿಂದ ಯಾವ ದರವನ್ನು ಕೊಟ್ಟರೂ ಅದು ಅಳಿಸಿಹೋಗಿ, ಸದಾ ಶೇಕಡ 8ರ ಲೆಕ್ಕವೇ ಬರುತ್ತದೆ. ಇದಕ್ಕೂ ಯಂತ್ರ ದೂರುವುದಿಲ್ಲ. ಪ್ಯಾರಾಮೀಟರಿಗೆ ಮೌಲ್ಯ ಬರಬೇಕಾದುದು ಕರೆಯುವ ಸ್ಥಳದಿಂದ ಎಂಬುದನ್ನು ನೆನಪಿಡಬೇಕು.

ಪರೀಕ್ಷಿಸುವ ವಿಧಾನ

ಫಂಕ್ಷನ್ ಬರೆದ ಕೂಡಲೇ, ಕೈಯಿಂದಲೇ ಲೆಕ್ಕ ಹಾಕಬಹುದಾದ ಒಂದು ಉದಾಹರಣೆಯಿಂದ ಅದನ್ನು ಪರೀಕ್ಷಿಸಬೇಕು. 100 ರೂಪಾಯಿಗೆ ಶೇಕಡ 10ರಂತೆ 2 ವರ್ಷಕ್ಕೆ 121 ರೂಪಾಯಿ ಆಗಬೇಕು. 121.90ರಷ್ಟು ಬಂದರೆ ದರ ಮತ್ತು ವರ್ಷ ಅದಲುಬದಲಾಗಿವೆ ಎಂದು ತಿಳಿಯಬಹುದು. ದಶಮಾಂಶದ ಕಟ್ಟಕಡೆಯಲ್ಲಿ ಕಾಣುವ ಅತ್ಯಲ್ಪ ವ್ಯತ್ಯಾಸ ಯಂತ್ರದ ದ್ವಿಮಾನ ಪದ್ಧತಿಯಿಂದ ಆಗುವಂತಹದು, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಎಲ್ಲ ಮೌಲ್ಯಗಳೂ ಬೇರೆ ಬೇರೆಯಾಗಿರುವ ಉದಾಹರಣೆಯನ್ನೇ ಆರಿಸಬೇಕು. ದರವೂ ವರ್ಷವೂ ಎರಡೇ ಆಗಿದ್ದರೆ ಸ್ಥಾನಪಲ್ಲಟ ಬೆಳಕಿಗೆ ಬಾರದು.

ಯಂತ್ರವು ಮೌಲ್ಯಗಳನ್ನು ಎಣಿಸಬಲ್ಲದು. ಅವುಗಳ ಆಶಯವನ್ನು ಅರಿಯಲಾರದು. ಎಣಿಕೆ ತಪ್ಪಿದರೆ ಅದು ಹೇಳುತ್ತದೆ. ಆಶಯ ತಪ್ಪಿದರೆ ನಾವೇ ಕಂಡುಕೊಳ್ಳಬೇಕು. ತಪ್ಪಿನ ಸೂಚನೆ ಕಂಡಾಗ ಎದೆಗುಂದದೆ ಅದನ್ನು ಓದುವುದು, ಸೂಚನೆ ಬಾರದಿದ್ದಾಗಲೂ ಉತ್ತರವನ್ನು ಪರೀಕ್ಷಿಸುವುದು, ಇವೆರಡೂ ರೂಢಿಯಾದರೆ ಅಭ್ಯಾಸಿಗೆ ಮುಂದಿನ ಪಾಠಗಳು ಸುಗಮವಾಗುತ್ತವೆ.

ಅಭ್ಯಾಸ

1. ಮೊತ್ತ(1,00,000, 7, 5) ಎಂದು ಬರೆದರೆ ಯಂತ್ರ ಎಷ್ಟು ಮೌಲ್ಯಗಳನ್ನು ಎಣಿಸುತ್ತದೆ?
2. ಹೊರಡುವ ನಿಲ್ದಾಣ, ತಲುಪುವ ನಿಲ್ದಾಣ, ದಿನಾಂಕ ಎಂಬ ಮೂರು ಪ್ಯಾರಾಮೀಟರುಗಳಿರುವ ಫಂಕ್ಷನ್‌ನಲ್ಲಿ ಮೊದಲ ಎರಡು ಅದಲುಬದಲಾದರೆ ಯಂತ್ರ ದೂರುವುದೇ? ಕಾರಣ ಕೊಡಿ.
3. ಮೇಲಿನ ಫಂಕ್ಷನ್‌ ಅನ್ನು ಹೆಸರು ಸಹಿತವಾಗಿ ಕರೆದು ತೋರಿಸಿ.

ಉತ್ತರ: 1. ಐದು. 2. ದೂರುವುದಿಲ್ಲ, ಎರಡೂ ಊರಿನ ಹೆಸರುಗಳೇ ಆದುದರಿಂದ ಎಣಿಕೆಯೂ ವಿಧವೂ ಸರಿಯಾಗಿಯೇ ಇರುತ್ತವೆ. 3. ಪ್ರತಿ ಮೌಲ್ಯದ ಹಿಂದೆ ಅದರ ಪ್ಯಾರಾಮೀಟರಿನ ಹೆಸರನ್ನೂ ಸಮಚಿಹ್ನೆಯನ್ನೂ ಬರೆಯಬೇಕು. ಪ್ಯಾರಾಮೀಟರಿನ ಹೆಸರಿನಲ್ಲಿ ಪದಗಳ ನಡುವೆ ತೆರಪು ಇರಕೂಡದು.