ಹೈಬ್ರಿಡ್ ಕೊಳ್ಳುವ ಮೊದಲು ನಿಮ್ಮ ಚಡವು ಹತ್ತಿಸಿ ನೋಡಿ

ಬದಿಯಡ್ಕದ ಆಸುಪಾಸಿನಲ್ಲಿ ಗ್ಯಾರೇಜ್ ಕೆಲಸ ಮಾಡಿಕೊಂಡು ಬಂದವನು ನಾನು. ಈಚೆಗೆ ರಿಪೇರಿಗಿಂತ ಹೆಚ್ಚಾಗಿ ಬರುವ ಫೋನು ಒಂದೇ: “ಅಣ್ಣಾ, ಹೈಬ್ರಿಡ್ ತೆಗೆಯಲೋ, ಸಾದಾ ಪೆಟ್ರೋಲೇ ಸಾಕೋ?” ನೆಂಟರು, ನೆರೆಯವರು ಶೋರೂಮಿಗೆ ಹೋಗುವಾಗ ನನ್ನನ್ನೂ ಕೂರಿಸಿಕೊಂಡು ಹೋಗುತ್ತಾರೆ. ಹಾಗೆ ಹೋಗಿ, ನೋಡಿ, ಆ ಕಾರುಗಳು ಆಮೇಲೆ ಮನೆಗಳಲ್ಲಿ ಹೇಗೆ ನಡೆದುಕೊಂಡವು ಎಂದು ಗಮನಿಸಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಕಾಸರಗೋಡಿನ ರಸ್ತೆ, ಇಲ್ಲಿನ ಮಳೆ, ಇಲ್ಲಿನ ತೆರಿಗೆ ಇಟ್ಟುಕೊಂಡು ಹೇಳುವ ಮಾತುಗಳಿವು.

1. ಹಿಂಬದಿಯಲ್ಲಿ ‘ಹೈಬ್ರಿಡ್’ ಎಂದು ಬರೆದ ಕಾರುಗಳೆಲ್ಲ ಒಂದೇ ಜಾತಿಯವಲ್ಲ.

ಮೈಲ್ಡ್ ಹೈಬ್ರಿಡ್‌ನಲ್ಲಿ ಸಣ್ಣ ಮೋಟರು ಎಂಜಿನ್ನಿಗೆ ಕೈ ಜೋಡಿಸುತ್ತದೆ, ಅಷ್ಟೆ. ಎಂಜಿನ್ ಆಫ್ ಮಾಡಿ ಅದೊಂದೇ ಕಾರನ್ನು ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ ಸುಮ್ಮನಿದ್ದರೂ ಕಾರು ಮುಂದೆ ಹೋಗುತ್ತದೆ. ಚಾರ್ಜಿಗೆ ಇಡುವ ಕೆಲಸವಿಲ್ಲ, ಬ್ರೇಕ್ ಒತ್ತಿದಾಗ ಮತ್ತು ಎಂಜಿನ್ ಓಡುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ಎರಡರಲ್ಲೂ ಒಂದೇ ಮೈಯೊಳಗೆ ಎರಡೂ ಬಗೆ ಸಿಗುತ್ತವೆ. 2022ರಲ್ಲಿ ಬಂದಾಗ ಮೈಲ್ಡ್ ಮ್ಯಾನುವಲ್‌ಗೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 21.11 ಕಿ.ಮೀ., ಸ್ಟ್ರಾಂಗ್‌ಗೆ 27.97. ಹೆಸರೊಂದೇ, ಒಳಗಿನ ಎಂಜಿನ್ ಬೇರೆಬೇರೆ: ಮೊದಲನೆಯದು ನಾಲ್ಕು ಸಿಲಿಂಡರಿನದು, ಎರಡನೆಯದು ಮೂರು ಸಿಲಿಂಡರಿನದು. ಕ್ರೆಟಾ, ಸೆಲ್ಟೋಸ್‌ಗಳಲ್ಲಿ ಸದ್ಯ ನಮ್ಮಲ್ಲಿ ಸ್ಟ್ರಾಂಗ್ ಹೈಬ್ರಿಡ್ ಇಲ್ಲ. ಆದ್ದರಿಂದ ಕೊಟೇಶನ್ ಕೈಗೆ ಬಂದ ಕೂಡಲೇ ‘ಸ್ಟ್ರಾಂಗ್’ ಎಂಬ ಮಾತು ಅದರಲ್ಲಿದೆಯೇ ನೋಡಿ.

2. ಮೈಲೇಜಿಗಿಂತ ಮೊದಲು ತಿಂಗಳ ಓಟ ಲೆಕ್ಕ ಹಾಕಿ.

ಕಂಪನಿಯ ಅಂಕಿ ಪ್ರಯೋಗಶಾಲೆಯದು. ನಮ್ಮ ರಸ್ತೆಯಲ್ಲಿ ಏಸಿ ಹಾಕಿ ಮನೆಮಂದಿ ಕೂತರೆ ಸ್ಟ್ರಾಂಗ್‌ಗೆ 22, ಅದೇ ಗಾತ್ರದ ಪೆಟ್ರೋಲ್ ಕಾರಿಗೆ 15 ಎಂದು ಹಿಡಿದುಕೊಂಡೇ ನಾನು ಲೆಕ್ಕ ಮಾಡುವುದು. ತಿಂಗಳಿಗೆ 1,000 ಕಿ.ಮೀ. ಓಡುವವರಿಗೆ ವರ್ಷಕ್ಕೆ 800 ಲೀಟರಿನ ಬದಲು 545 ಲೀಟರ್ ಸಾಕು. ಉಳಿದದ್ದು 255 ಲೀಟರ್, ಲೀಟರಿಗೆ 105 ರೂಪಾಯಿಯಂತೆ ಸುಮಾರು 27,000. ಎರಡು ಮಾಡೆಲ್‌ಗಳ ಆನ್‌ರೋಡ್ ಬೆಲೆಯಲ್ಲಿ ಮೂರು ಲಕ್ಷದ ವ್ಯತ್ಯಾಸ ಇದ್ದರೆ ಅದು ಹಿಂದಕ್ಕೆ ಬರಲು ಹನ್ನೊಂದು ವರ್ಷ ಬೇಕು. ತಿಂಗಳಿಗೆ 2,000 ಕಿ.ಮೀ. ಓಡುವವರಿಗೆ ಐದೂವರೆ ವರ್ಷ ಸಾಕು.

ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವವರಿಗೆ ಹೈಬ್ರಿಡ್ ಹೇಳಿ ಮಾಡಿಸಿದ್ದು. ವಾರಕ್ಕೊಮ್ಮೆ ಪೇಟೆ, ತಿಂಗಳಿಗೊಂದು ಮದುವೆ, ಆಗಾಗ ಆಸ್ಪತ್ರೆ ಎನ್ನುವ ತೋಟದ ಮನೆಗೆ ಅದು ಬೇಡ. ಅಡಿಕೆ ಮಾರಿ ಒಟ್ಟಿಗೆ ಕೈಗೆ ಬಂದ ದುಡ್ಡನ್ನು ಆ ಹೆಚ್ಚುವರಿ ಬೆಲೆಗೆ ಸುರಿಯುವುದಕ್ಕಿಂತ ತೋಟಕ್ಕೆ ಹಾಕಿದರೆ ಲಾಭ ಜಾಸ್ತಿ. ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ.

3. ಉಳಿತಾಯ ಇರುವುದು ನಿಂತು ನಿಂತು ಹೋಗುವ ರಸ್ತೆಯಲ್ಲಿ.

ಮಂಗಳೂರು ದಾರಿಯ ತೊಕ್ಕೊಟ್ಟು, ಪಂಪ್‌ವೆಲ್‌ನ ಸಂಜೆಯ ಸಾಲಿನಲ್ಲಿ, ಕಾಸರಗೋಡು ಪೇಟೆಯ ಗದ್ದಲದಲ್ಲಿ ಸ್ಟ್ರಾಂಗ್ ಹೈಬ್ರಿಡ್ ಬಹಳ ಹೊತ್ತು ಬ್ಯಾಟರಿಯಲ್ಲೇ ತೆವಳುತ್ತದೆ. ಬೇರೆ ಕಾರುಗಳು ಪೆಟ್ರೋಲ್ ಕುಡಿಯುವ ಜಾಗದಲ್ಲೇ ಇದು ಉಳಿಸುತ್ತದೆ. ಅದೇ ಕಾರನ್ನು ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥದಲ್ಲಿ ನೂರರ ವೇಗದಲ್ಲಿ ಓಡಿಸಿ, ಎಂಜಿನ್ ಹೆಚ್ಚಿನ ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ, ಸಾದಾ ಪೆಟ್ರೋಲ್ ಕಾರಿಗೂ ಇದಕ್ಕೂ ಇರುವ ಅಂತರ ಸಣ್ಣದಾಗುತ್ತದೆ. ಹೆದ್ದಾರಿ ಅಗಲವಾದ ಮೇಲೆ ಈ ಲೆಕ್ಕವನ್ನು ಹೊಸತಾಗಿ ಹಾಕಬೇಕು.

ಘಾಟಿಯದು ಇನ್ನೊಂದು ಕಥೆ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿ ಬರೇ 0.76 ಯೂನಿಟ್‌ನದು, ಮನೆಯ ಇಸ್ತ್ರಿ ಪೆಟ್ಟಿಗೆ ಮುಕ್ಕಾಲು ಗಂಟೆ ಎಳೆಯುವಷ್ಟು ಕರೆಂಟು. ಮಡಿಕೇರಿಯಿಂದ ಸಂಪಾಜೆ ಇಳಿಯುವಾಗ ಅದು ಅರ್ಧ ದಾರಿಗೆ ಮೊದಲೇ ತುಂಬಿಬಿಡುತ್ತದೆ. ತುಂಬಿದ ಮೇಲೆ ಇಳಿಜಾರಿನ ಶಕ್ತಿಯನ್ನು ಹಿಡಿದಿಡಲು ಜಾಗವಿಲ್ಲ. ಆಗ ಗೇರ್ ಲಿವರನ್ನು ‘ಬಿ’ಗೆ ಎಳೆದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ. ಮನೆಯಲ್ಲಿ ಯಾರೆಲ್ಲ ಕಾರು ಓಡಿಸುತ್ತಾರೋ ಅವರಿಗೆಲ್ಲ ಇದನ್ನು ಡೆಲಿವರಿ ದಿನವೇ ತೋರಿಸಿಕೊಡಿ. ಮೊದಲ ಬಾರಿಗೆ ಗೇರಿಲ್ಲದ ಕಾರು ಓಡಿಸುವ ಪ್ರಾಯವಾದವರಿಗಂತೂ ಇದು ಬಹಳ ಮುಖ್ಯ.

4. ಟೆಸ್ಟ್ ಡ್ರೈವ್ ನಿಮ್ಮ ಮನೆಯ ಚಡವಿನಲ್ಲಿ ಆಗಲಿ.

ಶೋರೂಮಿನವರು ಕರೆದೊಯ್ಯುವುದು ಸಮತಟ್ಟಾದ ಹೆದ್ದಾರಿಗೆ. ನಮ್ಮ ಮನೆಗಳಿರುವುದು ಬೈಲಿನಲ್ಲಿ. ಮುಖ್ಯ ರಸ್ತೆಯಿಂದ ಇಳಿಯುವ ದಾರಿ ಅರ್ಧ ಮುರಕಲ್ಲಿನದು, ಅರ್ಧ ಕಾಂಕ್ರೀಟಿನದು, ಮಧ್ಯೆ ಒಂದು ಕಡಿದಾದ ತಿರುವು. ಪೆರ್ಲ, ಮುಳ್ಳೇರಿಯ, ಅಡೂರು, ಪೈವಳಿಕೆ ಎಲ್ಲಿ ಹೋದರೂ ಇದೇ. ಹಾಗಾಗಿ ಕಾರನ್ನು ಮನೆಗೇ ತರಿಸಿ, ಐದು ಜನ ಕೂತು ಏಸಿ ಹಾಕಿ ಹತ್ತಿಸಿ. ನಡು ಚಡವಿನಲ್ಲಿ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಿ.

ಅಲ್ಲಿ ಎರಡು ಸಂಗತಿ ಗೊತ್ತಾಗುತ್ತದೆ. ಒಂದು, ನಿಂತಲ್ಲಿಂದ ಹೊರಡುವಾಗ ಮೋಟರಿನ ಬಲ ತಟ್ಟನೆ ಸಿಗುವುದರಿಂದ ಸ್ಟ್ರಾಂಗ್ ಹೈಬ್ರಿಡ್ ಹಿಂದಕ್ಕೆ ಜಾರದೆ ಸದ್ದಿಲ್ಲದೆ ಏಳುತ್ತದೆ. ಕ್ಲಚ್ ಸುಡುವ ವಾಸನೆಯ ಪ್ರಶ್ನೆಯೇ ಇಲ್ಲ. ಎರಡು, ಉದ್ದದ ಏರಿನಲ್ಲಿ ಕಾಲು ಒತ್ತಿ ಹಿಡಿದರೆ ಮೂರು ಸಿಲಿಂಡರಿನ ಎಂಜಿನ್ ಜೋರಾಗಿ ಕೂಗುತ್ತದೆ, ಆ ಕೂಗಿಗೆ ತಕ್ಕ ವೇಗ ಮಾತ್ರ ಬರುವುದಿಲ್ಲ. ಕೆಲವರಿಗೆ ಇದು ಏನೂ ಅನಿಸುವುದಿಲ್ಲ, ಕೆಲವರಿಗೆ ಸಹಿಸಲಾಗುವುದಿಲ್ಲ. ಕೊಂಡ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು.

ಜೂನ್ ಕಳೆದು ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿದ ಮೇಲೆ ಪರೀಕ್ಷೆ ಇನ್ನೂ ಕಠಿಣ. ಈ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಎಳೆಯುವುದು ಮುಂದಿನ ಚಕ್ರ ಮಾತ್ರ. ನಾಲ್ಕೂ ಚಕ್ರ ಎಳೆಯುವ ಮಾಡೆಲ್ ಬೇಕೆಂದರೆ ಮೈಲ್ಡ್‌ಗೇ ಹೋಗಬೇಕು. ನಿಮ್ಮ ದಾರಿ ಅಷ್ಟು ಕೆಟ್ಟದ್ದಾಗಿದ್ದರೆ ಮೈಲೇಜ್ ಮರೆತು ಅದನ್ನೇ ನೋಡಿ.

5. ಅವಳಿ ಕಾರುಗಳ ನಡುವೆ ಕಾರನ್ನು ಹೋಲಿಸಬೇಡಿ.

ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡೂ ತಯಾರಾದದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಎಂಜಿನ್ ಒಂದೇ, ಬ್ಯಾಟರಿ ಒಂದೇ. ಹೈಬ್ರಿಡ್ ಬ್ಯಾಟರಿಗೆ ಎರಡರಲ್ಲೂ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ಇಲ್ಲಿ ಹೋಲಿಸಬೇಕಾದ್ದು ಕಾಯುವ ದಿನ, ಕೊಡುವ ರಿಯಾಯಿತಿ, ಇನ್ಶೂರೆನ್ಸ್ ಮೊತ್ತ ಮತ್ತು ನಿಮ್ಮ ಮನೆಗೆ ಹತ್ತಿರದ ಸರ್ವಿಸ್. 2025ರ ಸೆಪ್ಟೆಂಬರಿನಲ್ಲಿ ಬಂದ ಮಾರುತಿ ವಿಕ್ಟೋರಿಸ್‌ನಲ್ಲೂ ಸ್ಟ್ರಾಂಗ್ ಹೈಬ್ರಿಡ್ ಇದೆ. ಅದು ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದದ್ದು. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

6. ಡಿಕ್ಕಿಗೆ ಗಲ್ಫಿನ ಪೆಟ್ಟಿಗೆ ಇಟ್ಟು ನೋಡಿ, ಹಿಂದಿನ ಸೀಟಿಗೆ ಅಮ್ಮನನ್ನು ಕೂರಿಸಿ ನೋಡಿ.

ಬ್ಯಾಟರಿ ಹಿಂದುಗಡೆ ಕೂರುವುದರಿಂದ ಡಿಕ್ಕಿ ಸಣ್ಣದಾಗುತ್ತದೆ. ಗ್ರ್ಯಾಂಡ್ ವಿಟಾರಾದ ಮೈಲ್ಡ್‌ನಲ್ಲಿ 373 ಲೀಟರ್ ಜಾಗ, ಸ್ಟ್ರಾಂಗ್‌ನಲ್ಲಿ 265. ಕಾಗದದ ಮೇಲೆ ಇದು ದೊಡ್ಡ ವಿಷಯ ಅನಿಸುವುದಿಲ್ಲ. ದುಬೈಯಿಂದ ಬಂದ ತಮ್ಮನನ್ನು ಬಜ್ಪೆ ವಿಮಾನ ನಿಲ್ದಾಣದಿಂದಲೋ ಕಣ್ಣೂರಿನಿಂದಲೋ ಕರೆತರುವಾಗ ಎರಡನೇ ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಒಬ್ಬರು ಬಸ್ಸಿಗೆ ಹೋಗಬೇಕಾದಾಗ ಗೊತ್ತಾಗುತ್ತದೆ. ಮೊಣಕಾಲು ನೋವಿನ ಅಮ್ಮ, ಅತ್ತೆ ಸೀರೆ ಉಟ್ಟು ಹತ್ತಿ ಇಳಿಯಲಿ. ಬಾಗಿಲ ಮೇಲ್ಭಾಗ ತಲೆಗೆ ತಾಗುತ್ತದೆಯೇ, ಕಾಲು ನೆಲಕ್ಕೆ ಸರಿಯಾಗಿ ಸಿಗುತ್ತದೆಯೇ ನೋಡಿ. ಆಸ್ಪತ್ರೆಗೆಂದು ಹೆಚ್ಚು ಓಡಾಡುವವರು ಅವರೇ.

7. ಗಡಿ ದಾಟಿ ಕೊಂಡರೂ ತೆರಿಗೆ ಕೇರಳದ್ದು.

ಮಂಗಳೂರಿನಲ್ಲಿ ಕೊಂಡು ಟೆಂಪರರಿ ನಂಬರಿನಲ್ಲಿ ತಂದು ಕೆಎಲ್ 14 ಮಾಡಿಸುವವರು ನಮ್ಮಲ್ಲಿ ಬಹಳ ಮಂದಿ. ಕೇರಳದಲ್ಲಿ ಕಾರಿನ ಬೆಲೆ 10ರಿಂದ 15 ಲಕ್ಷದೊಳಗಿದ್ದರೆ ತೆರಿಗೆ ಶೇ. 15, ಅದು ದಾಟಿ 20 ಲಕ್ಷದವರೆಗೆ ಶೇ. 17. ಈ ಶೇಕಡಾ ಪೂರ್ತಿ ಬೆಲೆಯ ಮೇಲೆ. 14.90 ಲಕ್ಷದ ಕಾರಿಗೆ 2,23,500 ರೂಪಾಯಿ, 15.10 ಲಕ್ಷದ ಕಾರಿಗೆ 2,56,700. ಇಪ್ಪತ್ತು ಸಾವಿರದ ಸನ್‌ರೂಫಿನ ಆಸೆಗೆ ತೆರಿಗೆಯೇ ಮೂವತ್ತಮೂರು ಸಾವಿರ ಏರುತ್ತದೆ. ಸ್ಟ್ರಾಂಗ್ ಹೈಬ್ರಿಡ್ ಹೆಚ್ಚಾಗಿ ಈ ಗೆರೆಯ ಆಚೆಗೇ ಬೀಳುತ್ತದೆ, ಎರಡನೇ ಅಂಶದಲ್ಲಿ ಹೇಳಿದ ಆನ್‌ರೋಡ್ ವ್ಯತ್ಯಾಸದಲ್ಲಿ ಇದೂ ಸೇರಿರುತ್ತದೆ. ಜಿಎಸ್‌ಟಿಯಲ್ಲಿ ಮೊದಲು ಈ ಗಾತ್ರದ ಹೈಬ್ರಿಡ್‌ಗೆ ಶೇ. 43, ಪೆಟ್ರೋಲಿಗೆ ಶೇ. 45 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 40. ಹೈಬ್ರಿಡ್‌ಗೆ ಇದ್ದ ಆ ಸಣ್ಣ ಅನುಕೂಲವೂ ಈಗಿಲ್ಲ.

8. ಕಿತ್ತಳೆ ಬಣ್ಣದ ವಯರಿಗೆ ಊರ ಮೆಕ್ಯಾನಿಕ್ ಕೈ ಹಾಕಬಾರದು.

ಇದು ನನ್ನ ಕೆಲಸದ ಮಾತು. ಈ ಕಾರುಗಳಲ್ಲಿ ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಹಾಳಾಗಲು ಭಾಗಗಳೇ ಕಡಿಮೆ. ಬ್ರೇಕ್ ಪ್ಯಾಡ್ ಬಹಳ ಕಾಲ ಬರುತ್ತದೆ. ಆದರೆ ಬ್ರೇಕಿನ ಕೆಲಸ ಕಡಿಮೆಯಾದ ಕಾರಣ ಉಪ್ಪಳ, ಮಂಜೇಶ್ವರದ ಉಪ್ಪುಗಾಳಿಯಲ್ಲಿ ಡಿಸ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ, ಪ್ರತಿ ಸರ್ವಿಸಿನಲ್ಲಿ ಚಕ್ರ ಬಿಚ್ಚಿ ನೋಡಿಸಬೇಕು. ಆಯಿಲ್, ಟಯರ್, ಸಸ್ಪೆನ್ಶನ್ ನಾವು ನೋಡಿಕೊಳ್ಳಬಹುದು. ಕಿತ್ತಳೆ ಹೊದಿಕೆಯ ವಯರುಗಳಲ್ಲಿ ಹರಿಯುವುದು ಜೀವ ತೆಗೆಯುವ ಕರೆಂಟು. ಅದಕ್ಕೆ ತರಬೇತಿ ಪಡೆದವರೇ ಬೇಕು. ಅಂಥವರು ಯಾವ ವರ್ಕ್‌ಶಾಪಿನಲ್ಲಿದ್ದಾರೆ, ಕಾರು ನಿಂತುಬಿಟ್ಟರೆ ಮಂಗಳೂರಿಗೇ ಎಳೆದೊಯ್ಯಬೇಕೇ ಎಂದು ಬುಕಿಂಗಿಗೆ ಮೊದಲು ಕೇಳಿ.

ಇನ್ನು ಇಲಿ. ತೋಟದ ನಡುವಿನ ಶೆಡ್ಡಿನಲ್ಲಿ ನಿಲ್ಲುವ ಯಾವ ಕಾರನ್ನೂ ಇಲಿ ಬಿಡುವುದಿಲ್ಲ. ಹೈಬ್ರಿಡ್‌ನ ವಯರಿಂಗ್ ಕಡಿದರೆ ಬೀಳುವ ಬಿಲ್ಲು ಬಹಳ ದೊಡ್ಡದು. ಇನ್ಶೂರೆನ್ಸಿನಲ್ಲಿ ಇಲಿ ಕಡಿತ ಸೇರುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ.

9. ಅಂಗಳದಲ್ಲೇ ಕಾರು ನಿಲ್ಲಿಸುವವರು ಎಲೆಕ್ಟ್ರಿಕ್ ಕೂಡ ನೋಡಿ.

ದಿನದ ಓಟ ನೂರು ಕಿ.ಮೀ.ಗೆ ಮೀರದೆ, ಮನೆಯಲ್ಲಿ ಚಾರ್ಜಿಗೆ ಗಟ್ಟಿ ವಯರಿಂಗ್ ಇದ್ದರೆ ಓಡಿಸಲು ಹೈಬ್ರಿಡ್‌ಗಿಂತ ಅದೇ ಅಗ್ಗ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವ ಒಳಪ್ರದೇಶದವರಿಗೆ ಮಾತ್ರ ನಾನು ಹೈಬ್ರಿಡ್ ಅಥವಾ ಪೆಟ್ರೋಲ್ ಎನ್ನುತ್ತೇನೆ.

10. ನಿಂತೇ ಇರುವ ಕಾರಿಗೆ ಹೈಬ್ರಿಡ್ ಬೇಡ.

ರಜೆಗೆ ಬಂದು ಕಾರು ಕೊಂಡು ಗಲ್ಫಿಗೆ ಮರಳುವ ಮನೆಗಳು ಉಪ್ಪಳದಿಂದ ಕಾಞಂಗಾಡಿನವರೆಗೂ ಇವೆ. ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಇರುತ್ತದೆ. ವಾರಗಟ್ಟಲೆ ನಿಂತು ಅದು ಇಳಿದುಹೋದರೆ ದೊಡ್ಡದರಲ್ಲಿ ಚಾರ್ಜ್ ಇದ್ದರೂ ಕಾರು ಏಳುವುದಿಲ್ಲ. ಆದರೂ ಹೈಬ್ರಿಡ್ಡೇ ಬೇಕೆಂದರೆ ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಕೀ ಕೊಟ್ಟು, ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸುವಂತೆ ಹೇಳಿ ಹೋಗಿ.