ಮ್ಯಾರಥಾನ್‌ಗೆ ಮೊದಲ ಮೆಟ್ಟಿಲು: ನಮ್ಮೂರಿನ ಸಣ್ಣ ಓಟಗಳು

ಪ್ರತಿ ವರ್ಷ ಫೆಬ್ರವರಿ ಹತ್ತಿರ ಬಂದಂತೆ ಮಣಿಪಾಲ ಮ್ಯಾರಥಾನ್‌ನ ಮಾತು ನಮ್ಮ ತರಗತಿಗಳಲ್ಲೂ ಕೇಳಿಬರುತ್ತದೆ. "ಓಡಿದರೆ ಪೂರ್ತಿ ಮ್ಯಾರಥಾನೇ ಓಡಬೇಕು" ಎನ್ನುವ ಉತ್ಸಾಹಿಗಳೂ ಇದ್ದಾರೆ. ಉತ್ಸಾಹ ಒಳ್ಳೆಯದೇ. ಆದರೆ 16-17ರ ವಯಸ್ಸಿನ ದೇಹಕ್ಕೆ ಯಾವ ದೂರ ಸರಿ, ಅದಕ್ಕೆ ತಯಾರಾಗುವುದು ಹೇಗೆ ಎಂಬುದನ್ನು ಮೊದಲು ತಿಳಿಯೋಣ.

42.195 ಕಿ.ಮೀ. ಎಂದರೆ ಎಷ್ಟು?

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವೇ 1921ರಲ್ಲಿ ಮ್ಯಾರಥಾನ್‌ನ ಅಧಿಕೃತ ದೂರವಾಯಿತು. ಉಡುಪಿಯಿಂದ ಕಾರ್ಕಳಕ್ಕೆ 40 ಕಿ.ಮೀ.ಗೂ ಕಡಿಮೆ. ಅಂದರೆ ಬಸ್ಸಿನಲ್ಲಿ ಕುಳಿತು ಸುಸ್ತಾಗುವ ಆ ದಾರಿಯನ್ನು ಓಡಿ ಮುಗಿಸಿದರೂ ಮ್ಯಾರಥಾನ್ ಇನ್ನೂ ಬಾಕಿ ಇರುತ್ತದೆ! ಉಡುಪಿಯಿಂದ ಕಾಪುವಿಗೆ ಸುಮಾರು 13 ಕಿ.ಮೀ. ಮಲ್ಪೆ ಕಡಲತೀರದಿಂದ ಮಣಿಪಾಲಕ್ಕೆ ಹತ್ತು ಕಿ.ಮೀ.ಯ ಆಸುಪಾಸು. ಅಜ್ಜರಕಾಡು ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ನಲ್ಲಿ ಹನ್ನೆರಡೂವರೆ ಸುತ್ತು ಹಾಕಿದರೆ 5 ಕಿ.ಮೀ. ನಮ್ಮ ಕಲಿಕೆ ಶುರುವಾಗಬೇಕಾದದ್ದು ಈ ಹನ್ನೆರಡೂವರೆ ಸುತ್ತಿನಿಂದ.

ದೊಡ್ಡವರೂ ಸಣ್ಣ ಓಟದಿಂದಲೇ ಬಂದವರು

ಎಮಿಲ್ ಝಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಗೆದ್ದ ನಂತರ, ಜೀವನದ ಮೊದಲ ಮ್ಯಾರಥಾನ್ ಓಡಿ ಅದನ್ನೂ ಗೆದ್ದರು. ನಮ್ಮ ದೇಶದ ಶಿವನಾಥ ಸಿಂಗ್ 1974ರ ಟೆಹರಾನ್ ಏಷ್ಯನ್ ಗೇಮ್ಸ್‌ನಲ್ಲಿ 5,000 ಮೀಟರ್ ಚಿನ್ನ ಗೆದ್ದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೆಯವರಾದರು. 1978ರಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ದಾಖಲೆ ದಶಕಗಳ ಕಾಲ ಉಳಿಯಿತು. ಎಲಿಯುಡ್ ಕಿಪ್‌ಚೊಗೆ 18ನೇ ವಯಸ್ಸಿನಲ್ಲಿ, 2003ರಲ್ಲಿ, 5,000 ಮೀಟರ್ ವಿಶ್ವ ಚಾಂಪಿಯನ್ ಆದರು. ಮೊದಲ ಮ್ಯಾರಥಾನ್ ಓಡಿದ್ದು 2013ರಲ್ಲಿ. ನಡುವೆ ಹತ್ತು ವರ್ಷ! ಮೊ ಫರಾಹ್ ಕೂಡ ಟ್ರ್ಯಾಕ್‌ನಲ್ಲಿ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ಮೇಲೆ 2018ರ ಷಿಕಾಗೊ ಮ್ಯಾರಥಾನ್ ಗೆದ್ದರು.

ಸಣ್ಣ ಓಟ ಏನನ್ನು ಕಲಿಸುತ್ತದೆ?

1. ವೇಗದ ಲೆಕ್ಕ: ಸ್ಪರ್ಧೆಯಲ್ಲಿ ಸೀಟಿ ಊದಿದ ಕೂಡಲೇ ಎಲ್ಲರೂ ಮುನ್ನುಗ್ಗುತ್ತಾರೆ. ಮೊದಲ ಕಿಲೋಮೀಟರ್‌ನಲ್ಲಿ ತಡೆದುಕೊಂಡವರೇ ಕೊನೆಯ ಕಿಲೋಮೀಟರ್‌ನಲ್ಲಿ ಮುಂದೆ ಬರುತ್ತಾರೆ. 5 ಕಿ.ಮೀ.ಯಲ್ಲಿ ತಪ್ಪಿದರೆ ನಷ್ಟ ಎರಡು-ಮೂರು ನಿಮಿಷ. 42 ಕಿ.ಮೀ.ಯಲ್ಲಿ ತಪ್ಪಿದರೆ ಓಟವೇ ಮುಗಿಯಿತು.

2. ಏರು ದಾರಿ: ಉಡುಪಿಯಿಂದ ಮಣಿಪಾಲಕ್ಕೆ ಹೋಗುವವರಿಗೆ ಏರು ಏನೆಂದು ಗೊತ್ತು. ಏರಿನಲ್ಲಿ ಹೆಜ್ಜೆ ಚಿಕ್ಕದಾಗಿಸಬೇಕು, ವೇಗ ತಗ್ಗಿಸಬೇಕು. ಉಸಿರು ಒಂದೇ ಲಯದಲ್ಲಿರಬೇಕು.

3. ನಮ್ಮ ಹವೆ: ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಆದ್ದರಿಂದ ಓಟ ಬೆಳಗ್ಗೆ ಬೇಗ ಮುಗಿಯಬೇಕು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ದೀರ್ಘ ಓಟದ ನಂತರ ಬರೀ ನೀರು ಸಾಲದು. ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ ಅಥವಾ ಓಆರ್‌ಎಸ್ ಒಳ್ಳೆಯದು. ತಲೆಸುತ್ತು, ವಾಂತಿ, ಮಾತು ತೊದಲುವಿಕೆ ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರ ನೆರವು ಪಡೆಯಬೇಕು.

ಒಂದು ಲೆಕ್ಕ ಮಾಡೋಣ

5 ಕಿ.ಮೀ.ಯನ್ನು 30 ನಿಮಿಷದಲ್ಲಿ ಓಡುವ ವಿದ್ಯಾರ್ಥಿ ಮ್ಯಾರಥಾನ್ ಎಷ್ಟು ಹೊತ್ತಿನಲ್ಲಿ ಮುಗಿಸಬಹುದು? ನೇರ ಗುಣಾಕಾರದಲ್ಲಿ 4 ಗಂಟೆ 13 ನಿಮಿಷ. ಆದರೆ ದೂರ ಹೆಚ್ಚಿದಂತೆ ವೇಗ ಕುಗ್ಗುತ್ತದೆ. ಪೀಟರ್ ರೀಗಲ್ ಎಂಬ ಎಂಜಿನಿಯರ್ ಇದಕ್ಕೊಂದು ಸೂತ್ರ ಕೊಟ್ಟರು: ದೂರಗಳ ಅನುಪಾತದ 1.06ನೇ ಘಾತದಿಂದ ಸಮಯವನ್ನು ಗುಣಿಸಬೇಕು. ಅದರಂತೆ ದೂರ ಎರಡು ಪಟ್ಟಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ. 10 ಕಿ.ಮೀ.ಗೆ ಸುಮಾರು 62 ನಿಮಿಷ 30 ಸೆಕೆಂಡ್, ಅರ್ಧ ಮ್ಯಾರಥಾನ್‌ಗೆ 2 ಗಂಟೆ 18 ನಿಮಿಷ, ಪೂರ್ಣ ಮ್ಯಾರಥಾನ್‌ಗೆ 4 ಗಂಟೆ 48 ನಿಮಿಷ. ಇದೂ ಸಾಕಷ್ಟು ತಯಾರಿ ಇದ್ದವರಿಗೆ ಮಾತ್ರ. ಸ್ನಾಯುಗಳಲ್ಲಿ ಶೇಖರವಾದ ಗ್ಲೈಕೋಜನ್ ಸಾಮಾನ್ಯವಾಗಿ 30 ಕಿ.ಮೀ. ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಅಲ್ಲಿಂದ ಮುಂದೆ ಸೂತ್ರ ಕೈಹಿಡಿಯುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಸಣ್ಣ ಓಟಗಳಷ್ಟರಿಂದಲೇ ಯಾರೂ ಮ್ಯಾರಥಾನ್ ಓಟಗಾರರಾಗುವುದಿಲ್ಲ. ಅವು ಕಿರುಪರೀಕ್ಷೆಗಳಿದ್ದಂತೆ. ಕಿರುಪರೀಕ್ಷೆ ನಾವು ಎಲ್ಲಿದ್ದೇವೆಂದು ತೋರಿಸುತ್ತದೆ. ಓದುವುದನ್ನು ನಾವೇ ಓದಬೇಕು. ಓಟದಲ್ಲಿ ಆ ಓದು ಎಂದರೆ ವಾರಕ್ಕೊಮ್ಮೆ, ಜೊತೆಗಾರರೊಡನೆ ಮಾತಾಡುತ್ತಾ ಓಡಬಹುದಾದಷ್ಟು ನಿಧಾನವಾದ ದೀರ್ಘ ಓಟ.

ಪಿಯು ವಿದ್ಯಾರ್ಥಿಗೊಂದು ಕ್ರಮ

ವಾರಕ್ಕೆ ಮೂರು ದಿನ ಸಾಕು. ಒಂದು ದಿನ 3 ಕಿ.ಮೀ. ನಿಧಾನ ಓಟ, ಒಂದು ದಿನ ಏರಿನಲ್ಲಿ ಅಥವಾ ಟ್ರ್ಯಾಕ್‌ನಲ್ಲಿ ಸ್ವಲ್ಪ ವೇಗದ ಓಟ, ರಜಾದಿನ 5 ಕಿ.ಮೀ. ದೂರವನ್ನು ನಿಧಾನವಾಗಿ ಹೆಚ್ಚಿಸಿ. ಸುಬಹಿ ನಮಾಝ್ ಮುಗಿಸಿ ಹೊರಡುವವರಿಗೆ ತಂಪಾದ ಹೊತ್ತು ತಾನಾಗಿ ಸಿಗುತ್ತದೆ. ರಮಝಾನ್‌ನಲ್ಲಿ ಉಪವಾಸವಿದ್ದಾಗ ವೇಗದ ಓಟ ಬೇಡ. ಇಫ್ತಾರ್ ಆಗಿ ಆಹಾರ ಜೀರ್ಣವಾದ ಮೇಲೆ ಹಗುರವಾಗಿ ಓಡಿದರೆ ಸಾಕು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಅಭ್ಯಾಸ ಬೇಡವೇ ಬೇಡ. ಮೈದಾನ, ಒಳರಸ್ತೆಗಳೇ ಕ್ಷೇಮ.

ಪ್ರಥಮ ಪಿಯು ವಿದ್ಯಾರ್ಥಿಗಳು ಒಂದೆರಡು 5 ಕಿ.ಮೀ. ಓಟ ಮುಗಿಸಿದ ಮೇಲೆ 10 ಕಿ.ಮೀ.ಯನ್ನು ಗುರಿಯಾಗಿಟ್ಟುಕೊಳ್ಳಬಹುದು. ದ್ವಿತೀಯ ಪಿಯು ವಿದ್ಯಾರ್ಥಿಗಳಿಗೆ ಫೆಬ್ರವರಿ ಎಂದರೆ ವಾರ್ಷಿಕ ಪರೀಕ್ಷೆಯ ಹೊಸ್ತಿಲು. ಆಗ 3 ಅಥವಾ 5 ಕಿ.ಮೀ. ಓಡಿ ಮನಸ್ಸು ಹಗುರ ಮಾಡಿಕೊಂಡು ಪುಸ್ತಕಕ್ಕೆ ಮರಳುವುದೇ ಜಾಣತನ. ಪೂರ್ಣ ಮ್ಯಾರಥಾನ್‌ಗೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು. ಅರ್ಜಿಯಲ್ಲಿ ವಯಸ್ಸು ಹೆಚ್ಚಿಸಿ ಬರೆಯುವುದು ಸುಳ್ಳೂ ಹೌದು, ಬೆಳೆಯುತ್ತಿರುವ ಮೂಳೆ-ಕೀಲುಗಳಿಗೆ ಅನ್ಯಾಯವೂ ಹೌದು. ಉಬ್ಬಸ, ಎದೆನೋವು ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಸರು ಕೊಡಬಾರದು.

ಮ್ಯಾರಥಾನ್ ಎಲ್ಲಿಗೂ ಓಡಿಹೋಗುವುದಿಲ್ಲ. ಈ ವರ್ಷದ 5 ಕಿ.ಮೀ.ಯ ಸಮಯವನ್ನು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಮುಂದಿನ ವರ್ಷ ಅದರ ಕೆಳಗೆ ಇನ್ನೊಂದು ಅಂಕಿ ಬರೆಯಿರಿ. ಆ ಪಟ್ಟಿ ಬೆಳೆಯುತ್ತಾ ಹೋದರೆ, 42.195 ಎಂಬ ಅಂಕಿಯೂ ಒಂದು ದಿನ ಅದರಲ್ಲಿ ಸೇರುತ್ತದೆ.